ಖಾಲಿ ಪರದೆಯ ಲಗ್ನಪತ್ರಿಕೆ

ಧೈರ್ಯವಿದ್ದರೆ ಇದನ್ನು ನಂಬದೆ ಇರಿ, ನೋಡೋಣ. ತಾಂಡೂರಿನಲ್ಲಿ ಯಾರನ್ನು ಬೇಕಾದರೂ ಕೇಳಿ, ಆ ಮುದುಕನ ಮಾತು ಅರ್ಧ ಸೋಸಿಕೊಂಡು ಕೇಳಬೇಕು ಎಂದೇ ಹೇಳುತ್ತಾರೆ. ಹೇಳುವವರಲ್ಲಿ ಅರ್ಧ ಜನ ನನ್ನ ಕೈಯಲ್ಲಿ ಒಂದಲ್ಲ ಒಂದು ಸಲ ಬೇಸ್ತು ಬಿದ್ದವರು, ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಇವತ್ತು ನಾನು ಹೇಳುವುದರಲ್ಲಿ ಒಂದೇ ಒಂದು ವಿವರ ನಾನು ಹುಟ್ಟಿಸಿದ್ದು, ಮಿಕ್ಕಿದ್ದೆಲ್ಲ ಖರೆ. ಆ ಒಂದು ಯಾವುದೆಂದು ಕೊನೆಗೆ ನಾನೇ ಹೇಳುತ್ತೇನೆ. ಅಷ್ಟರೊಳಗೆ ನೀವು ಹಿಡಿದರೆ ನಿಮ್ಮ ಕಣ್ಣು ಚುರುಕು ಎಂದು ಒಪ್ಪುತ್ತೇನೆ, ಆದರೆ ಬಾಯಿಬಿಟ್ಟು ಹೊಗಳುವುದಿಲ್ಲ. ನನ್ನನ್ನು ಬಿಟ್ಟು ಬೇರೆಯವರನ್ನು ಹೊಗಳಿ ನನಗೆ ರೂಢಿಯಿಲ್ಲ.

ಪ್ರತ್ಯೇಕ ರಾಜ್ಯ ಬೇಕೆಂದು ಊರೂರೇ ಬೀದಿಗಿಳಿದಿದ್ದ ವರ್ಷಗಳು ಅವು. ತೆಲುಗು ಸೀಮೆಯ ಗಡಿಯಲ್ಲಿರುವ ಈ ತಾಂಡೂರಿನಲ್ಲಿ ನನ್ನದೊಂದು ಸಣ್ಣ ಅಚ್ಚಿನ ಅಂಗಡಿ. ಲಗ್ನಪತ್ರಿಕೆ, ಕರಪತ್ರ, ನಾಮಕರಣದ ಕಾರ್ಡು, ಕನ್ನಡ ಬೇಕೆಂದರೆ ಕನ್ನಡ, ತೆಲುಗು ಬೇಕೆಂದರೆ ತೆಲುಗು. ಬೆಳಿಗ್ಗೆ ಚಳವಳಿಯ ಹುಡುಗರು ಬಂದು ನಾಳೆ ಬಂದ್ ಎಂಬ ಕರಪತ್ರ ಮಾಡಿಸಿಕೊಂಡು ಹೋಗುವರು. ಮರುದಿನ ಅದೇ ಹುಡುಗರು ಬಂದು, ನಾನೇ ಅಚ್ಚು ಹಾಕಿದ ಕರಪತ್ರ ತೋರಿಸಿ, ನನ್ನದೇ ಬಾಗಿಲು ಹಾಕಿಸುವರು. ಇಂಥ ವ್ಯಾಪಾರ ಮಾಡಿದವನು ಈ ಭಾಗದಲ್ಲಿ ನಾನೊಬ್ಬನೇ ಇರಬೇಕು.

ಅಂಗಡಿಯಲ್ಲಿ ಇದ್ದದ್ದು ಒಂದು ಹಳೆಯ ಲ್ಯಾಪ್‌ಟಾಪು. ನಮ್ಮೂರ ಪಾಲಿಶ್ ಯಂತ್ರಗಳಿಂದ ಹಾರುವ ಕಲ್ಲಿನ ಪುಡಿ ಅದರ ಹೊಟ್ಟೆಗೆ ಎಷ್ಟು ಹೋಗಿತ್ತೋ, ಚಾಲೂ ಮಾಡಿದರೆ ತಿಣುಕುತ್ತ, ಕೆಮ್ಮುತ್ತ ಏಳುತ್ತಿತ್ತು. ನನ್ನ ಹೆಂಡತಿಯ ತಮ್ಮ ಶರಣಪ್ಪನದು ಬಸ್ ನಿಲ್ದಾಣದ ಎದುರಿಗೇ ದೊಡ್ಡ ಅಂಗಡಿ, ಹೊಸ ಕಂಪ್ಯೂಟರು. ಅವನ ಪರದೆಯ ಮೇಲೆ ಮೀನು ಈಜುತ್ತಿದ್ದವು, ಗಿಳಿ ಮಾತಾಡುತ್ತಿತ್ತು, ಮೂಲೆಯಲ್ಲಿ ಹೂವು ಉದುರುತ್ತಿದ್ದವು. ಚಾಲೂ ಮಾಡಿ ಹೋಗಿ ಚಹಾ ಕುಡಿದು ಬಂದರೂ ಅದು ಇನ್ನೂ ಸ್ವಾಗತ ಹೇಳುತ್ತಲೇ ಇರುತ್ತಿತ್ತು. ಗಿರಾಕಿಗಳು ಆ ಮೀನು ನೋಡುವುದಕ್ಕೇ ಹೋಗುವರು. ನನಗೆ ಹೊಟ್ಟೆಕಿಚ್ಚು ಎನ್ನಬೇಡಿ. ಇತ್ತು, ಆದರೂ ಅನ್ನಬೇಡಿ.

ಆಗ ಒಂದು ಕಂಪ್ಯೂಟರ್ ಪತ್ರಿಕೆಯ ಜೊತೆಗೆ ಬಿಟ್ಟಿ ಬಂದ ಸಿ.ಡಿ. ನನ್ನ ಕಣ್ಣು ತೆರೆಸಿತು. ಅದರಲ್ಲಿ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ಬಿಟ್ಟಿ ವ್ಯವಸ್ಥೆ ಇತ್ತು. ಅದರ ಜೊತೆಗೆ ಒಂದು ತತ್ತ್ವವೂ ಇತ್ತು: ಬೇಡದ್ದನ್ನು ತೆಗೆ, ಒಂದು ಪ್ರೋಗ್ರಾಂ ಒಂದೇ ಕೆಲಸ ಮಾಡಲಿ, ಆದರೆ ನೆಟ್ಟಗೆ ಮಾಡಲಿ. ನಮ್ಮ ಖಣಿಯಲ್ಲಿ ಲಾರಿಗೆ ಫರಸಿ ಕಲ್ಲು ತುಂಬುವಾಗ ಒಬ್ಬ ಎತ್ತಿ ಮುಂದಿನವನ ಕೈಗೆ ಕೊಡುತ್ತಾನೆ, ಅವನು ಇನ್ನೊಬ್ಬನಿಗೆ. ಯಾರೂ ನಡುವೆ ನಿಂತು ಹಾಡು ಹೇಳುವುದಿಲ್ಲ, ಮೀನು ತೋರಿಸುವುದಿಲ್ಲ. ಈ ಪ್ರೋಗ್ರಾಂಗಳೂ ಹಾಗೆಯೇ, ತಮ್ಮ ಕೆಲಸ ಮುಗಿಸಿ ಮುಂದಿನದರ ಕೈಗೆ ದಾಟಿಸುತ್ತವೆ. ಪರದೆಯ ಮೇಲೆ ಕಿಟಕಿಗಳು ಒಂದರ ಮೇಲೊಂದು ಬಿದ್ದು ಒದ್ದಾಡುವುದಿಲ್ಲ. ನೆಲಕ್ಕೆ ಫರಸಿ ಹಾಸಿದಂತೆ ಒಂದರ ಪಕ್ಕ ಒಂದು ಕೂರುತ್ತವೆ. ತಾಂಡೂರಿನವನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಸರಿ, ತೆಗೆಯುವುದಕ್ಕೆ ಕೂತೆ. ತೆಗೆಯುವ ಚಟ ಒಮ್ಮೆ ಹತ್ತಿದರೆ ಎಲೆ ಅಡಿಕೆಗಿಂತ ಕೆಟ್ಟದ್ದು. ಮೊದಲು ಹಿನ್ನೆಲೆಯ ಚಿತ್ರ ತೆಗೆದೆ. ಆಮೇಲೆ ಚಿಕ್ಕಚಿಕ್ಕ ಗುರುತುಗಳನ್ನು. ಮೌಸ್ ಯಾಕೆ ಬೇಕು, ಕೀಲಿಗಳಿಲ್ಲವೇ, ಅದನ್ನೂ ಪೆಟ್ಟಿಗೆಗೆ ಹಾಕಿದೆ. ಮೇಲಿನ ಪಟ್ಟಿಯಲ್ಲಿ ಬ್ಯಾಟರಿ ಎಷ್ಟು ಉಳಿದಿದೆ ಎಂದು ತೋರಿಸುವ ಚಿತ್ರವೊಂದಿತ್ತು, ಸುಮ್ಮನೆ ಹೆದರಿಸುತ್ತಿತ್ತು. ಪಟ್ಟಿಯನ್ನೇ ಕಿತ್ತೆ. ಬರೆದದ್ದನ್ನು ಆಗಾಗ ತಾನಾಗಿ ಉಳಿಸಿಡುವ ಸೌಲಭ್ಯವನ್ನು ಕಂಡು, ನಾನೇನು ತೊಟ್ಟಿಲ ಕೂಸೇ ಎಂದು ಅದನ್ನೂ ತೆಗೆದೆ. ಕೊನೆಗೆ ಉಳಿದದ್ದು ಕಪ್ಪು ಪರದೆ. ಗುಂಡಿ ಒತ್ತಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಎದ್ದು, ಕಪ್ಪಗೆ, ಸುಮ್ಮನೆ, ಆಜ್ಞೆಗೆ ಕಾದು ನಿಲ್ಲುತ್ತಿತ್ತು. ನಮ್ಮ ಮನೆಯಲ್ಲಿ ಹಾಗೆ ಯಾರೂ ನಿಲ್ಲುವುದಿಲ್ಲ.

ಮನೆಯ ಮಾತು ಬಂತು, ಹೇಳಿಬಿಡುತ್ತೇನೆ. ಈ ತತ್ತ್ವವನ್ನು ನಾನು ಹೆಂಡತಿ ಮಹಾದೇವಿಗೆ ವಾರಗಟ್ಟಲೆ ಬೋಧಿಸಿದೆ. ಅಡುಗೆಮನೆಯಲ್ಲಿ ಇಷ್ಟು ಡಬ್ಬಿ ಯಾಕೆ, ಇಷ್ಟು ಸೌಟು ಯಾಕೆ ಎಂದು ಕೇಳಿದೆ. ಅವಳು "ಖರೆ ಅದರಿ" ಎಂದು ತಲೆ ಆಡಿಸಿದಳು. ಅಲ್ಲೇ ನಾನು ಹೆದರಬೇಕಿತ್ತು. ಮರುದಿನ ಅಂಗಡಿಯಲ್ಲಿ ಬುತ್ತಿ ಬಿಚ್ಚಿದರೆ ಒಳಗೆ ಜೋಳದ ರೊಟ್ಟಿ ಮಾತ್ರ. ಫೋನು ಮಾಡಿ, "ಪಲ್ಯ ಎಲ್ಲ್ಯದ?" ಎಂದೆ.

"ರೊಟ್ಟಿ ಒಂದೇ ಕೆಲಸ ಮಾಡ್ತದ, ಬರೋಬ್ಬರ್ ಮಾಡ್ತದ. ಪಲ್ಯ ಬ್ಯಾರೆ ಪ್ರೋಗ್ರಾಂರಿ. ಬೇಕಾದ್ರ ನೀವೇ ಹಾಕ್ಕೊಳ್ರಿ."

ಶರಣಪ್ಪನಿಗೆ ಮಾಡಿದ್ದನ್ನೂ ಹೇಳಬೇಕು. ನನ್ನ ಹೊಸ ವ್ಯವಸ್ಥೆ ನೋಡಲು ಬಂದ. ನಾನು ಲ್ಯಾಪ್‌ಟಾಪನ್ನು ಪೂರ್ತಿ ಆರಿಸಿ, ಅವನ ಮುಂದೆ ತೆರೆದಿಟ್ಟು, ಕೈಕಟ್ಟಿ ಕೂತೆ.

"ಮಾಮಾ, ಏನೂ ಕಾಣವಲ್ದಲ್ಲ?"

"ಒಳಗ ಎಲ್ಲಾ ನಡದದ ಶರಣ್ಯಾ. ತಿಳಿದವ್ರಿಗೆ ಕಾಣ್ತದ."

ಅವನು ಮೂಗು ತಾಗುವಷ್ಟು ಬಗ್ಗಿ ನೋಡಿದ. ತಲೆ ಆಡಿಸಿದ. "ಹಾಂ, ಹಾಂ, ಜರಾ ಜರಾ ಕಾಣ್ಲತ್ತದ" ಎಂದ. ಹೋಗಿ ಬಸ್ ನಿಲ್ದಾಣದ ತುಂಬ, ಮಾಮಾನ ಕಂಪ್ಯೂಟರು ಭಾಳ ಮೇಲಿನ ದರ್ಜೆದು ಎಂದು ಸಾರಿದ. ಆರಿದ ಯಂತ್ರದಿಂದ ಇಷ್ಟು ಹೆಸರು ಗಳಿಸಿದವನು ಇನ್ನೊಬ್ಬನಿದ್ದರೆ ಕರೆದುಕೊಂಡು ಬನ್ನಿ, ಕಾಲಿಗೆ ಬೀಳುತ್ತೇನೆ.

ಈಗ ನಿಜವಾದ ಫಜೀತಿಗೆ ಬರೋಣ. ಬಶೀರಾಬಾದಿನಲ್ಲಿರುವ ನನ್ನ ತಂಗಿ ಕಾಶಿಬಾಯಿಯ ಮಗಳ ಲಗ್ನ ನಾರಾಯಣಖೇಡದ ಹುಡುಗನ ಜೊತೆ ಗೊತ್ತಾಗಿತ್ತು. ಪತ್ರಿಕೆಯನ್ನು ಶರಣಪ್ಪನ ಅಂಗಡಿಯಲ್ಲಿ ಮಾಡಿಸಿದರು, ಹೂವು, ನವಿಲು, ಮೂರು ಪುಟ. ಒಂದೂ ಉಳಿಯದಂತೆ ಹಂಚಿದ್ದೂ ಆಯಿತು. ನೋಡಿದರೆ ಲಗ್ನದ ದಿನವೇ ಬಂದ್. ಲಗ್ನ ಮುಂದಕ್ಕೆ ಹೋಯಿತು, ಹೊಸ ತಾರೀಖಿನ ಹೊಸ ಪತ್ರಿಕೆ ಬೇಕಾಯಿತು. ಅಷ್ಟರಲ್ಲಿ ನಾಳೆಯಿಂದ ಬಸ್ಸುಗಳೇ ಇಲ್ಲ, ಮತ್ತೆ ಯಾವಾಗ ಎಂದು ಯಾರಿಗೂ ಗೊತ್ತಿಲ್ಲ ಎಂಬ ಸುದ್ದಿ ಬಂತು. ಹುಡುಗನ ದೊಡ್ಡಪ್ಪ ಸಿದ್ರಾಮಪ್ಪ ಅವತ್ತೇ ತಾಂಡೂರಿಗೆ, ನಮ್ಮ ಮನೆಗೆ ಬಂದರು, ಬಶೀರಾಬಾದಿನಿಂದ ಕಾಶಿಬಾಯಿಯೂ ಬಂದಳು. ಸಂಜೆ ಜಹೀರಾಬಾದಿಗೆ ಹೋಗುವ ಕೊನೆಯ ಬಸ್ಸು ಹಿಡಿದು, ಅಲ್ಲಿಂದ ನಾರಾಯಣಖೇಡಕ್ಕೆ ಪತ್ರಿಕೆ ಮುಟ್ಟಿಸಬೇಕು.

ಫೋನಿನಲ್ಲಿ ಹೇಳಿದರಾಗದೇ ಎಂದು ನಾನು ಮೆಲ್ಲಗೆ ಕೇಳಿದೆ. ಸಿದ್ರಾಮಪ್ಪ ಪೇಟ ಸರಿಮಾಡಿಕೊಂಡರು.

"ಫೋನಿನ್ಯಾಗ ಕರದ್ರ ಲಗ್ನಕ್ಕ ಯಾರು ಬರ್ತಾರ್ರಿ? ಪತ್ರಿಕೆ ಕೈಗೆ ಬರಬೇಕು, ಮೂಲ್ಯಾಗ ಅರಿಶಿಣ ಹಚ್ಚಿರಬೇಕು. ಮುಂದ ಆಷಾಢ ಬರ್ತದ. ಎರಡು ಸಲ ಮುಂದ ಹೋದ ಲಗ್ನ ನಮ್ಮ ಮನ್ಯಾಗ ಮಾಡಂಗಿಲ್ಲ. ಪತ್ರಿಕೆ ಇವತ್ತು ಆದ್ರ ಆತು, ಇಲ್ಲಂದ್ರ ಲಗ್ನ ಕೈಬಿಟ್ಟಂಗೇ."

ಕಾಶಿಬಾಯಿ ಸೆರಗಿನ ತುದಿ ಹಿಂಡತೊಡಗಿದಳು. ಪತ್ರಿಕೆಗೆ ಅವರು ಮೊದಲು ಹೋದದ್ದು ಶರಣಪ್ಪನ ಅಂಗಡಿಗೇ. ಅಲ್ಲಿ ಕರೆಂಟಿಲ್ಲ, ಮೀನು ಗಿಳಿ ಎಲ್ಲಾ ಕತ್ತಲಲ್ಲಿ. ಬ್ಯಾಟರಿ ಇದ್ದದ್ದು ನನ್ನ ಯಂತ್ರಕ್ಕೆ ಮಾತ್ರ. ಅಚ್ಚು ಹಾಕಲು ಪ್ರಿಂಟರಿಗೆ ಕರೆಂಟು ಬೇಕೇ ಬೇಕು, ಆದರೆ ಅದು ಬರುವಷ್ಟರಲ್ಲಿ ಬರೆದು ಸಿದ್ಧವಾಗಿಟ್ಟುಕೊಳ್ಳಬಹುದಲ್ಲ. ಎಲ್ಲರೂ ನನ್ನ ಅಂಗಡಿಯಲ್ಲಿ ನೆರೆದರು, ಶರಣಪ್ಪನೂ ಬಂದ, ಬುತ್ತಿ ತಂದ ಮಹಾದೇವಿಯೂ ನಿಂತಳು. ನನ್ನ ಜೀವಮಾನದಲ್ಲಿ ಅಷ್ಟು ಪ್ರೇಕ್ಷಕರು ಸಿಕ್ಕದ್ದು ಅವತ್ತೇ.

ನಮ್ಮ ಕಡೆ ಪತ್ರಿಕೆಯಲ್ಲಿ ವಧೂವರರಿಗಿಂತ ಮುಖ್ಯವಾದದ್ದು ಕೆಳಗಿನ ಹೆಸರುಗಳು. ಬರುವಿಕೆಯನ್ನು ಬಯಸುವ ಕಾಕಾ, ಮಾಮಾ, ಭಾವ, ಅವರ ಸೋದರರು. ಒಂದು ಹೆಸರು ಬಿಟ್ಟರೆ ಒಂದು ಮನೆತನ ಕಳಕೊಂಡಂತೆ. ಕಾಶಿಬಾಯಿ ಒಂದು ಕಡೆಯಿಂದ, ಸಿದ್ರಾಮಪ್ಪ ಇನ್ನೊಂದು ಕಡೆಯಿಂದ ಹೇಳುತ್ತ ಹೋದರು. ಹಿರಿಯರು ಕಿರಿಯರು ಕ್ರಮ ತಪ್ಪಿ, ಅಳಿಸಿ, ಮತ್ತೆ ಬರೆದು, ಎಷ್ಟೋ ಹೊತ್ತಿಗೆ ಎಲ್ಲ ಹೆಸರೂ ಒಳಗೆ ಹೋದವು.

ಅಲ್ಲಿಗೆ ನಿಲ್ಲಿಸಿದ್ದರೆ ನಾನು ನಾನಾಗುತ್ತಿರಲಿಲ್ಲ. ಕೀಲಿ ಒತ್ತಿ ಆ ಬರಹವನ್ನು ಮರೆಗೆ ಸರಿಸಿ, ಖಾಲಿ ಕಪ್ಪು ಪರದೆಯನ್ನು ಸಿದ್ರಾಮಪ್ಪನ ಕಡೆ ತಿರುಗಿಸಿ ಭಾಷಣ ಶುರುಮಾಡಿದೆ. "ನೋಡ್ರಿ ಬೀಗ್ರೆ, ಏನೂ ಇಲ್ಲ. ಇದೇ ಇದರ ಸೊಗಸು. ಮೀನಿಲ್ಲ, ಗಿಳಿ ಇಲ್ಲ. ಬೇಡಾದ್ದು ಒಂದೂ ಇಲ್ಲ." ಸಿದ್ರಾಮಪ್ಪ ಭಕ್ತಿಯಿಂದ ನೋಡಿದರು. ಬರಹ ವಾಪಸು ತರಲು ಕೀಲಿ ಒತ್ತಿದೆ, ಏನೂ ಬರಲಿಲ್ಲ. "ವಿಚಾರ ಮಾಡ್ಲತ್ತದ" ಎಂದೆ. ಮತ್ತೆ ಒತ್ತಿದೆ. ಶರಣಪ್ಪ ಮೂಗು ತಾಗುವಷ್ಟು ಬಗ್ಗಿ, "ಮಾಮಾ, ಒಳಗ ಎಲ್ಲಾ ನಡದದ, ನನಗ ಕಾಣ್ಲತ್ತದ" ಎಂದ. ನಾನು ಟಪಟಪ ಒತ್ತುತ್ತಲೇ ಇದ್ದೆ, ಜನ ನೋಡುತ್ತಲೇ ಇದ್ದರು.

ಕೊನೆಗೆ ಮಹಾದೇವಿ ಬುತ್ತಿ ಕೆಳಗಿಟ್ಟು ಲ್ಯಾಪ್‌ಟಾಪಿನ ಬೆನ್ನಿಗೆ ಅಂಗೈ ಇಟ್ಟಳು, ಜ್ವರ ನೋಡುವ ಹಾಗೆ.

"ರೀ, ಇದು ಸತ್ತು ಎಷ್ಟೋ ಹೊತ್ತಾಗ್ಯದ. ತಣ್ಣಗಾಗ್ಯದ."

ಬ್ಯಾಟರಿ ತೋರಿಸುವ ಚಿತ್ರವನ್ನು ಕಿತ್ತವನು ನಾನು. ತಾನಾಗಿ ಉಳಿಸುವುದನ್ನು ಕಿತ್ತವನೂ ನಾನು. ಎರಡೂ ಕುಟುಂಬಗಳ ಸಮಸ್ತ ಬಳಗ ಆ ಕಪ್ಪಿನಲ್ಲಿ ಮುಳುಗಿ ಹೋಗಿತ್ತು. ಕಾಶಿಬಾಯಿ ಒಂದೇ ಮಾತು ಹೇಳಿದಳು: "ಅಣ್ಣಾ, ನನ್ನ ಮಗಳ ಲಗ್ನದಾಗರೆ ಚ್ಯಾಷ್ಟಿ ಬಿಡಬಾರ್ದಾ?" ನಾನು ಬಗ್ಗಿ ಲ್ಯಾಪ್‌ಟಾಪಿನ ತಂತಿ ಹುಡುಕತೊಡಗಿದೆ.

ಅಷ್ಟರಲ್ಲಿ ಫ್ಯಾನು ತಿರುಗಿತು. ಕರೆಂಟು! ಶರಣಪ್ಪ ತನ್ನ ಅಂಗಡಿಗೆ ಓಡಿದ, ಅವನ ಹಳೆಯ ಪತ್ರಿಕೆ ಅಲ್ಲಿತ್ತಲ್ಲ, ತಾರೀಖು ತಿದ್ದಿದರೆ ಆಯಿತೆಂದು. ಹೊರಗೆ ಬಸ್ಸಿನ ಹಾರ್ನು ಕೇಳುತ್ತಿತ್ತು. ನನ್ನ ಯಂತ್ರ ಮಾತ್ರ, ತಂತಿ ಚುಚ್ಚಿದ ತಕ್ಷಣ, ಏನೂ ಆಗಿಲ್ಲವೆಂಬಂತೆ ಎದ್ದು ನಿಂತಿತು. ಮತ್ತೆ ಅಷ್ಟೂ ಹೆಸರು ಬರೆಯಲು ಸಮಯವಿಲ್ಲ. ಹುಡುಗಿಯ ಹೆಸರು, ಹುಡುಗನ ಹೆಸರು, ತಾರೀಖು, ಊರು, ಕೆಳಗೆ "ಎಲ್ಲರೂ ಬರ್ರಿ". ಹೂವಿಲ್ಲ, ನವಿಲಿಲ್ಲ, ಬಳಗವಿಲ್ಲ. ಸೋದರಮಾವನಾದ ನನ್ನ ಹೆಸರನ್ನೂ ಕೈಬಿಟ್ಟೆ. ಪ್ರಿಂಟರು ಪತ್ರಿಕೆಗಳನ್ನು ಉಗುಳತೊಡಗಿತು. ಮಹಾದೇವಿ ಅವನ್ನು ಬೆಚ್ಚಗಿರುವಾಗಲೇ ಹಳೆಯ ಪೇಪರಿನಲ್ಲಿ ಸುತ್ತಿ ಕಟ್ಟಿದಳು.

"ನನ್ನ ಹೆಸರು ಎಲ್ಲ್ಯದರಿ?" ಎಂದರು ಸಿದ್ರಾಮಪ್ಪ, ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಓಡುತ್ತ.

"ಬೇಡಾದ್ದು ತೆಗದೀನ್ರಿ!" ಎಂದು ನಾನು ಹಿಂದಿನಿಂದ ಕೂಗಿದೆ. ಆ ಮಾತು ಸ್ವಲ್ಪ ಬೇರೆ ಥರ ಹೇಳಬಹುದಿತ್ತು ಎಂದು ಆಮೇಲೆ ಅನ್ನಿಸಿತು. ಬಸ್ಸು ಸಿಕ್ಕಿತು. ಶರಣಪ್ಪನ ಕಂಪ್ಯೂಟರು ಆಗಿನ್ನೂ ಸ್ವಾಗತ ಹೇಳುತ್ತಿತ್ತು.

ಲಗ್ನ ಆಯಿತು, ಹೊಸ ತಾರೀಖಿಗೇ ಆಯಿತು, ಅಷ್ಟರಲ್ಲಿ ಬಸ್ಸುಗಳೂ ಮತ್ತೆ ಓಡತೊಡಗಿದ್ದವು. ಬಂದ ಜನಕ್ಕೆ ಚಪ್ಪರ ಸಾಲಲಿಲ್ಲ. ಎಲ್ಲರೂ ಬರ್ರಿ ಎಂದರೆ ನಮ್ಮವರು ಎಲ್ಲರೂ ಬರುತ್ತಾರೆ. ಕಾಶಿಬಾಯಿ ನಕ್ಕಳು, ಮದುಮಗಳು ಕಾಲಿಗೆ ಬಿದ್ದಳು. ಆದರೆ ಬೀಗರ ಸಾಲಿನ ಒಬ್ಬೊಬ್ಬ ಹಿರಿಯನೂ ಪತ್ರಿಕೆ ಹಿಡಿದು ಬಂದು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ ಮುಂದೆ ಹೋದ. ಸಿದ್ರಾಮಪ್ಪ ಇವತ್ತಿಗೂ ಎದುರಿಗೆ ಸಿಕ್ಕರೆ ಪೇಟವನ್ನು ಹುಬ್ಬಿನವರೆಗೆ ಎಳೆದುಕೊಳ್ಳುತ್ತಾರೆ. ಯಾರ ಹೆಸರೂ ಇಲ್ಲದ ಮೇಲೆ ಎಲ್ಲರಿಗೂ ಒಂದೇ ನ್ಯಾಯವಾಯಿತಲ್ಲ, ಮತ್ತೆ ಇಷ್ಟು ಸಿಟ್ಟು ಯಾಕೆ ಎಂದು ನೀವು ಕೇಳಬಹುದು.

ಕೇಳಿದಿರಲ್ಲ, ಹೇಳುತ್ತೇನೆ. ಆರಿದ ಪರದೆಗೆ ಭಾಷಣ ಮಾಡಿದ್ದು ಖರೆ, ಬರೀ ರೊಟ್ಟಿಯ ಬುತ್ತಿಯೂ ಖರೆ. ನನ್ನ ಹೆಸರನ್ನೂ ಕೈಬಿಟ್ಟೆ ಎಂದೆನಲ್ಲ, ಅದೊಂದೇ ಸುಳ್ಳು. "ಎಲ್ಲರೂ ಬರ್ರಿ" ಎಂಬುದರ ಕೆಳಗೆ, ಅಷ್ಟು ಖಾಲಿ ಜಾಗದ ನಟ್ಟನಡುವೆ, ವಧೂವರರಿಗಿಂತ ದಪ್ಪ ಅಕ್ಷರದಲ್ಲಿ ಅದೊಂದೇ ಹೆಸರಿತ್ತು. ಬಸ್ಸು ಹಾರ್ನು ಹೊಡೆಯುತ್ತಿತ್ತು, ತಂಗಿ ಅಳುತ್ತಿದ್ದಳು, ಬೇಡದ್ದನ್ನೆಲ್ಲ ಬಿಟ್ಟು ಭರಭರ ಬರೆಯುತ್ತ ಹೋದೆ. ಆ ಸಾಲಿಗೆ ಬಂದಾಗ ಅದೂ ಬೇಡದ್ದು ಎಂದು, ನಿಮ್ಮಾಣೆ, ನನಗೆ ಹೊಳೆಯಲೇ ಇಲ್ಲ.