ಹುಲ್ಲಿನ ಸುರುಳಿಯಿಂದ ಏಳು ಹೆಜ್ಜೆ

ಸಿರಿಲ್: ಬೆಳಿಗ್ಗೆಯಿಂದ ಈ ಹತ್ತು ಗಜ ಬಿಟ್ಟು ಅಲ್ಲಾಡಿಲ್ಲ ನೀನು. ಬ್ರೆಡ್ಡೂ ಇಲ್ಲೇ ನಿಂತು ತಿಂದೆ. ಏನಯ್ಯಾ ಇದೆ ಇಲ್ಲಿ?

ನಾರಿಸ್: ಮಣ್ಣಿದೆ. ನೀನು ಆ ಓಕ್ ಮರದ ಬುಡಕ್ಕೆ ಹೋಗೋ. ರೋಮನ್ನರು ನೆರಳು ಕಂಡಲ್ಲಿ ಕೂರೋ ಜನ, ಏನಾದ್ರೂ ಬೀಳಿಸಿರ್ತಾರೆ.

ಸಿರಿಲ್: ಆ ಮರಕ್ಕೆ ಇನ್ನೂರು ವರ್ಷ. ರೋಮನ್ನರು ಊರು ಬಿಟ್ಟು ಸಾವಿರದ ಆರುನೂರಾಯ್ತು. ನೆರಳು ಬರಲಿ ಅಂತ ಕಾಯ್ತಾ ಕೂತಿದ್ರೇನೋ?

ಇಂಗ್ಲೆಂಡಿನ ಸಫೋಕ್‌ನ ಆ ಗೋಧಿ ಹೊಲದಲ್ಲಿ ಕೊಯ್ಲು ಮುಗಿದು ಬರೀ ಕೂಳೆ ಉಳಿದಿತ್ತು. ನಾಳೆ ಉಳುಮೆ. ಗೆಳೆಯರಿಬ್ಬರೂ ನಿವೃತ್ತರು, ಕೋಲಿನ ತುದಿಗೆ ತಟ್ಟೆ ಕಟ್ಟಿದಂಥ, ಮಣ್ಣೊಳಗೆ ಲೋಹವಿದ್ದರೆ ಕೂಗುವ ಯಂತ್ರ ಹಿಡಿದು ಹಳೇ ನಾಣ್ಯ ಹುಡುಕಲು ಹೊರಟು ಹನ್ನೆರಡು ವರ್ಷವಾಗಿತ್ತು. ಈವರೆಗಿನ ಸಂಪಾದನೆ ಒಂದು ಬಕೆಟ್ ಕೋಟಿನ ಗುಂಡಿ, ಮೂರು ಲಾಳ ಮತ್ತು ನಾರಿಸನ ಸೊಂಟನೋವು.

ಇವತ್ತು ಮಾತ್ರ ನಾರಿಸ್ ಹುಡುಕುತ್ತಿದ್ದುದು ರೋಮನ್ನರು ಕಳೆದದ್ದನ್ನಲ್ಲ, ತಾನೇ ಹೂತದ್ದನ್ನು. ಹೆಂಡತಿ ಮಾವಿಸಳಿಗೆ ಅವಳಜ್ಜಿ ಕೊಟ್ಟ ಪದಕ. ಮೊದಲನೇ ಎಲಿಜಬೆತ್ ರಾಣಿಯ ಬೆಳ್ಳಿ ನಾಣ್ಯಕ್ಕೆ ತೂತು ಕೊರೆದು ಮಾಡಿದ್ದು. ಹೊಸ ಯಂತ್ರವನ್ನು ಪರೀಕ್ಷಿಸಲೆಂದು ಕಳೆದ ವಾರ ಅದನ್ನು ಅವಳಿಗೆ ಹೇಳದೆ ಡ್ರಾಯರಿನಿಂದ ಎತ್ತಿ ತಂದು ಇಲ್ಲಿ ಹೂತಿದ್ದ. ಯಂತ್ರ ಪಿಟ್ಟೆನ್ನಲಿಲ್ಲ. ಅಂದಿನಿಂದ ದಿನಾ ಬಂದು ಹೊಲ ಸವರುತ್ತಿದ್ದಾನೆ.

ಸಿರಿಲ್: ಗೊತ್ತಾಯ್ತು ಬಿಡು. ನಿಧಿ ಸಿಕ್ಕಿದೆ ನಿಂಗೆ. ನನ್ನನ್ನ ಓಡಿಸಿ ಒಬ್ಬನೇ ಎತ್ಕೋಬೇಕು ಅಂತಿದ್ದೀಯ.

ನಾರಿಸ್: ನಿಧಿ ಸಿಕ್ಕಿದ್ರೆ ನನ್ನ ಮುಖ ಹೀಗಿರ್ತಿತ್ತೇನೋ?

ಸಿರಿಲ್: ನಿನ್ನ ಮುಖ ಮದುವೆ ದಿನಾನೂ ಹೀಗೇ ಇತ್ತು. ಸರಿ, ಪಕ್ಕಕ್ಕೆ ಸರಿ.

ಸಿರಿಲ್ ತನ್ನ ಯಂತ್ರವನ್ನು ಆಡಿಸಿದ. ಅದಕ್ಕೆ ಹನ್ನೆರಡು ವರ್ಷ. ಹಿಡಿಗೆ ಟೇಪು ಸುತ್ತಿತ್ತು. ಎರಡನೇ ಸಲ ಆಡಿಸುತ್ತಲೇ ಅದು ಬಾಲ ತುಳಿಸಿಕೊಂಡ ಬೆಕ್ಕಿನಂತೆ ಕಿರುಚಿತು. ಸಿರಿಲ್ ಮಂಡಿಯೂರಿದ, ಕೆದಕಿದ, ಮಣ್ಣು ಮೆತ್ತಿದ ಬಿಲ್ಲೆಯೊಂದನ್ನು ಎತ್ತಿ ಹಿಡಿದ.

ಸಿರಿಲ್: ರಾಣಿ! ರಾಣಿ ಕಣೋ! ಹನ್ನೆರಡು ವರ್ಷಕ್ಕೆ ನನ್ನ ಮೊದಲನೇ ಬೆಳ್ಳಿ!

ನಾರಿಸ್: ಕೊಡಿಲ್ಲಿ!

ಸಿರಿಲ್: ಯಾಕೆ ಕೊಡ್ಲಿ? ಕೂಗಿದ್ದು ಯಾರ ಯಂತ್ರ?

ನಾರಿಸ್: ಅದು ಮಾವಿಸ್‌ದು ಕಣೋ! ಹೊಸ ಯಂತ್ರ ಪರೀಕ್ಷೆ ಮಾಡೋಣ ಅಂತ ಹೂತಿದ್ದೆ. ಸಿಕ್ಕಲಿಲ್ಲ.

ಸಿರಿಲ್‌ನ ಸಂಭ್ರಮ ಇಳಿದುಹೋಯಿತು.

ಸಿರಿಲ್: ಒಂದು ಗುರುತಾದ್ರೂ ಇಡಬಾರದೇನೋ?

ನಾರಿಸ್: ಇಟ್ಟಿದ್ನಲ್ಲ! ಹುಲ್ಲಿನ ಸುರುಳಿಯಿಂದ ನೆಟ್ಟಗೆ ಏಳು ಹೆಜ್ಜೆ.

ಸಿರಿಲ್ ಹೊಲದ ಉದ್ದಗಲ ನೋಡಿದ. ಕೊಯ್ಲಿನ ನಂತರ ಒಣಹುಲ್ಲು ಸುತ್ತಿಟ್ಟಿದ್ದ ಸುರುಳಿ ಒಂದೂ ಇರಲಿಲ್ಲ.

"ಅವನ್ನೆಲ್ಲ ಕಳೆದ ವಾರವೇ ಸಾಗಿಸಿಬಿಟ್ವಲ್ಲ," ಎಂದಿತು ಬೇಲಿಯ ಕಡೆಯಿಂದ ಒಂದು ದನಿ. ಹೊಲದೊಡತಿ ಹೆಸ್ಟರ್ ಗ್ಯಾರಡ್, ತೋಡಿದ ಗುಂಡಿಗಳನ್ನು ಮುಚ್ಚಿದ್ದಾರೋ ಇಲ್ಲವೋ ನೋಡಲು ಬಂದಿದ್ದಳು.

ಹೆಸ್ಟರ್: ಏನೋ ಸಿಕ್ಕ ಹಾಗಿದೆ. ಸಿಕ್ಕಿದ್ದರಲ್ಲಿ ಅರ್ಧ ನಂದು ಅಂತ ನೀವೇ ಬರೆದುಕೊಟ್ಟಿದ್ದೀರಿ, ನೆನಪಿದೆಯಾ ನಾರಿಸ್?

ನಾರಿಸ್: ಮೇಡಂ, ಇದು ನನ್ನ ಹೆಂಡ್ತಿದು! ಇವತ್ತು ಡ್ರಾಯರಿಗೆ ವಾಪಸ್ ಹೋಗದಿದ್ರೆ ನಾಳೆ ಇದೇ ಹೊಲದಲ್ಲಿ ಅವಳು ನನ್ನನ್ನ ಹೂಳ್ತಾಳೆ.

ಹೆಸ್ಟರ್: ಗುರುತು ಇಟ್ಟೇ ಹೂಳ್ತಾಳೆ ಬಿಡಿ. ತೋರಿಸಿ ನೋಡೋಣ.

ಹೆಬ್ಬೆರಳಿನಿಂದ ಮಣ್ಣು ಉಜ್ಜಿ, ಅಂಗೈಯಲ್ಲಿ ತೂಗಿ ನೋಡಿ, ಅವಳು ನಗತೊಡಗಿದಳು.

ಹೆಸ್ಟರ್: ಭಾನುವಾರ ಚರ್ಚಲ್ಲಿ ಮಾವಿಸ್ ಕೊರಳಲ್ಲಿ ನೇತಾಡ್ತಿದ್ದಿದ್ದು ಏನು ಮತ್ತೆ?

ನಾರಿಸ್: ಕೊರಳಲ್ಲಾ? ನಾನು ಪಕ್ಕದಲ್ಲೇ ಕೂತಿದ್ದೆನಲ್ಲ!

ಹೆಸ್ಟರ್: ನೀವು ನೆಲ ಬಿಟ್ಟು ಮೇಲಕ್ಕೆ ನೋಡಿದ್ದು ಯಾವಾಗ? ಇದು ಕೋಟೆ ನೋಡೋಕೆ ಬರೋರಿಗೆ ಅಂಗಡೀಲಿ ಮಾರೋ ತಗಡಿನ ನಕಲು. ಮಾವಿಸೇ ಹೇಳಿದ್ಲು: "ನಮ್ಮವರು ಸಲಿಕೆ ಹಿಡಿದ ದಿನವೇ ಅಸಲಿಯನ್ನ ಬಚ್ಚಿಟ್ಟು ಡ್ರಾಯರಲ್ಲಿ ಇದನ್ನಿಟ್ಟೆ" ಅಂತ. ತಗೊಳ್ಳಿ, ನನ್ನ ಅರ್ಧಾನೂ ನೀವೇ ಇಟ್ಕೊಳ್ಳಿ.

ಸಿರಿಲ್ ತನ್ನ ಮೊದಲ ಬೆಳ್ಳಿಯನ್ನು ಕೋಟಿನ ಗುಂಡಿಗಳ ಡಬ್ಬಿಗೆ ಹಾಕಿದ. ನಾರಿಸ್ ಮಾತ್ರ ಇದ್ದಕ್ಕಿದ್ದಂತೆ ಎದೆ ಸೆಟೆಸಿದ.

ನಾರಿಸ್: ಲೋ ಸಿರಿಲ್! ತಗಡು ಕಂಡ್ರೆ ಕೂಗಬೇಡ ಅಂತ ನಾನೇ ಯಂತ್ರದಲ್ಲಿ ಗುಂಡಿ ಒತ್ತಿದ್ದೆ. ಅದಕ್ಕೇ ವಾರವಿಡೀ ಸುಮ್ಮನಿತ್ತು! ನನ್ನ ಯಂತ್ರದ ತಪ್ಪೇನೂ ಇಲ್ಲ!

ಸಿರಿಲ್: ಯಂತ್ರದ ತಪ್ಪು ಅಂತ ಯಾರಯ್ಯಾ ಅಂದ್ರು? ಇಷ್ಟು ಬುದ್ಧಿ ಇರೋ ಯಂತ್ರ ವಾರವಿಡೀ ನಿನ್ನ ಮಾತು ಕೇಳ್ತಲ್ಲ, ಅದೇ ನಂಗೆ ಆಶ್ಚರ್ಯ.