ಸಂತೆಗೆ ಹೋದ ಗ್ರಾಮಸೇವಕ

ಸಂತೆಯಿಂದ ಸಾಮಾನು ಸಿಗದೆ ಬಂದದ್ದುಂಟು, ನಗು ಸಿಗದೆ ಬಂದದ್ದಿಲ್ಲ. ಐವತ್ತರ ದಶಕದ ಕೊನೆಯಲ್ಲಿ ನಾನು ಸೊರಬ, ಶಿಕಾರಿಪುರದ ಕಡೆ ಗ್ರಾಮಸೇವಕನಾಗಿದ್ದೆ. ಹೊಸ ತರಕಾರಿ ಬೆಳೆಯಿರಿ, ದಲ್ಲಾಳಿಗೆ ಕೊಡದೆ ನೀವೇ ಸಂತೆಗೆ ತಂದು ಮಾರಿ ಎಂದು ರೈತರ ಬೆನ್ನು ಹತ್ತುವುದು ನನ್ನ ಕೆಲಸ. ಬೆನ್ನು ಹತ್ತಿದ ತಪ್ಪಿಗೆ ಅವರ ಜೊತೆ ಸಂತೆಯಲ್ಲೂ ಕೂರಬೇಕಾಗುತ್ತಿತ್ತು.

ಸಿಪ್ಪೆ

ಕುಪ್ಪಗಡ್ಡೆಯ ರೈತನೊಬ್ಬ ನನ್ನ ಮಾತು ಕೇಳಿ ಎಲೆಕೋಸು ಬೆಳೆದ. ಆ ಊರಿಗೇ ಅದು ಮೊದಲ ಕೋಸು. ಸೊರಬದ ಸಂತೆಯಲ್ಲಿ ಗುಡ್ಡೆ ಹಾಕಿದರೆ ಜನ ಸುತ್ತ ನಿಂತು ನೋಡಿದರೇ ಹೊರತು ಯಾರೂ ಮುಟ್ಟಲಿಲ್ಲ. ಅವನು ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ. ಕೊನೆಗೆ ಅಜ್ಜಿಯೊಬ್ಬಳು ಧೈರ್ಯ ಮಾಡಿ ಒಂದು ಕೊಂಡಳು.

ಮುಂದಿನ ಸಂತೆಗೆ ಅಜ್ಜಿ ನೆಟ್ಟಗೆ ನಮ್ಮ ಹತ್ತಿರವೇ ಬಂದಳು. ರುಚಿ ಹೇಗಿತ್ತು ಎಂದು ಕೇಳಿದೆ.

“ರುಚಿ ನೋಡಕ್ಕೆ ಕಾಯಿ ಸಿಗಬೇಕಲ್ಲ ಮಾರಾಯ. ಸಿಪ್ಪೆ ಸುಲಿದೆ, ಸುಲಿದೆ, ಕಾಯಿ ಬರೋ ಹೊತ್ತಿಗೆ ಎಲ್ಲಾ ಮುಗಿದೇ ಹೋಯ್ತು.”

ರೈತ ಪೆಚ್ಚಾಗಿ, ಬದಲಿಗೆ ಇನ್ನೊಂದು ಪುಕ್ಕಟೆ ಕೊಡುತ್ತೇನೆ ಎಂದ. ಪುಕ್ಕಟೆ ಬೇಡ, ದುಡ್ಡಿಗೇ ನಾಲ್ಕು ಕೊಡು ಎಂದಳು ಅಜ್ಜಿ. “ಸಿಪ್ಪೆ ಎಮ್ಮೆಗೆ ಹಾಕಿದ್ದೆ. ಆವತ್ತಿಂದ ಅದು ಬೇರೆ ಏನನ್ನೂ ಮೂಸ್ತಿಲ್ಲ.”

ಪ್ರೋತ್ಸಾಹ

ಸಂಜೆ ರೈತರು ಮಿಕ್ಕ ತರಕಾರಿ ಹೊತ್ತು ವಾಪಸು ಹೋಗುವುದನ್ನು ನೋಡಲಾರದೆ ನಾನೇ ಕೊಳ್ಳುತ್ತಿದ್ದೆ. ಹೆಚ್ಚಾಗಿ ಮಿಗುತ್ತಿದ್ದದ್ದು ಕುಂಬಳಕಾಯಿ. ನನ್ನ ಹೆಂಡತಿ ಹುಳಿ, ಪಲ್ಯ, ಕಡುಬು, ದೋಸೆ ಎಲ್ಲ ಮಾಡಿ ಸೋತಳು. ಮಂಚದ ಕೆಳಗೆ ಕುಂಬಳ, ದೇವರ ಕೋಣೆಯಲ್ಲಿ ಕುಂಬಳ. ಹೊಸದಾಗಿ ಹಸಿರು ಬಣ್ಣ ಬಳಿದ ಬಾಗಿಲು ಗಾಳಿಗೆ ಬಡಿದುಕೊಳ್ಳದಂತೆ ಒತ್ತಾಗಿ ಇಟ್ಟದ್ದೂ ಕುಂಬಳವೇ.

ಒಂದು ಸಂತೆಯಲ್ಲಿ ಗುರುತಿಲ್ಲದ ಮುದುಕನೊಬ್ಬ ಒಂದೇ ಒಂದು ಕುಂಬಳಕಾಯಿ ಮುಂದಿಟ್ಟುಕೊಂಡು ಕೂತಿದ್ದ. ಅಯ್ಯೋ ಪಾಪ ಎನಿಸಿತು. ಕೊಂಡು ಹೆಗಲ ಮೇಲೆ ಹೊತ್ತು ತಂದೆ. ಹೆಂಡತಿ ಅದನ್ನು ತಿರುಗಿಸಿದಳು. ಹೊಟ್ಟೆಯ ಮೇಲೆ ಹಸಿರು ಬಣ್ಣ. ಬಾಗಿಲಿನ ಕಾಯಿಯನ್ನು ಅವಳು ಹಾಲಿನವಳಿಗೆ ದಾನ ಮಾಡಿದ್ದಳಂತೆ. ಆ ಮುದುಕ ಹಾಲಿನವಳ ಮಾವ.

ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ. “ಸಂತೆ ಸುತ್ತಿ ದಣಿದು ಬಂದಿದೆ ರೀ, ಕಾಲಿಗೆ ನೀರು ಕೊಡ್ಲಾ?” ಎಂದಳು.

ಬಾಯಿಲ್ಲದವನು

ತಾಳಗುಂದದ ಒಬ್ಬ ರೈತನ ಬದನೆಕಾಯಿ ಬಲು ಚೆಂದ. ಆದರೆ ಮನುಷ್ಯ ಮಹಾ ಸಂಕೋಚದವನು. ಶಿಕಾರಿಪುರದ ಸಂತೆಯಲ್ಲಿ ಕೂಗಿ ಮಾರಲು ಬಾಯೇ ಬಾರದು. ಬುಟ್ಟಿ ತುಂಬಿದ್ದು ತುಂಬಿದ ಹಾಗೇ ಮನೆಗೆ ಹೋಗುತ್ತಿತ್ತು. ಇದಕ್ಕಿಂತ ದಲ್ಲಾಳಿಯೇ ವಾಸಿ, ಇನ್ನು ಬರೋದಿಲ್ಲ ಎಂದುಬಿಟ್ಟ. ನಾನು ಅವನನ್ನು ಗಂಟಲು ದೊಡ್ಡದಿದ್ದ ಬೆಲ್ಲದವನ ಪಕ್ಕ ಕೂರಿಸಿದೆ. ಬೆಲ್ಲದವನು ಕೂಗಿದ ಮೇಲೆ “ನಮ್ದೂ ಅಷ್ಟೇರೀ” ಎಂದರೆ ಸಾಕು ಎಂದು ಹೇಳಿಕೊಟ್ಟೆ.

ಬೆಲ್ಲದವನು, “ಬಾಯಾಗ ಇಟ್ರೆ ಕರಗ್ತೈತಿ” ಎಂದು ಕೂಗುವುದು, ಇವನು ಮೆಲ್ಲಗೆ, “ನಮ್ದೂ ಅಷ್ಟೇರೀ” ಎನ್ನುವುದು. ಅರ್ಧ ಬುಟ್ಟಿ ಖರ್ಚಾಯಿತು. ನಾನು ಬೀಗಿದೆ.

ಮುಂದಿನ ವಾರ ತಡವಾಗಿ ಹೋದೆ. ದೂರದಿಂದಲೇ ಜನ ಗುಂಪುಗಟ್ಟಿ ನಗುವುದು ಕಾಣಿಸಿತು. ಬೆಲ್ಲದವನು ಬಂದಿರಲಿಲ್ಲ. ಆ ಜಾಗದಲ್ಲಿ ಇಲಿ ಪಾಷಾಣ ಮಾರುವವನು ಕೂತಿದ್ದ.

“ಒಂದು ಚೂರು ತಿಂದ್ರೆ ಸಾಕು, ಬೆಳಗಾಗೋದ್ರೊಳಗ ಮನೀ ಪೂರಾ ಖಾಲಿ!”

“ನಮ್ದೂ ಅಷ್ಟೇರೀ.”

ನಾನು ಓಡಿ ಹೋಗಿ ಕಿವಿಯಲ್ಲಿ ಹೇಳಿದ ಮೇಲೆಯೇ ಅವನಿಗೆ ಜನ ನಗುವುದು ಯಾಕೆಂದು ತಿಳಿದದ್ದು. ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಬುಟ್ಟಿ ಎತ್ತಿ ಹೊರಟ. ಆಗ ಗುಂಪಿನಲ್ಲಿದ್ದ ಹೆಂಗಸೊಬ್ಬಳು ಬುಟ್ಟಿಯನ್ನು ಹಿಡಿದು ಕೆಳಗಿಳಿಸಿ, ಆರಿಸಿ ಆರಿಸಿ ಸೆರಗಿಗೆ ತುಂಬಿಕೊಂಡಳು. ಅವಳನ್ನು ನೋಡಿ ಉಳಿದವರೂ ಮುಗಿಬಿದ್ದರು. ಬುಟ್ಟಿ ಬರಿದಾಯಿತು.

ಅವಳು ಹೋಗುವ ಮುಂಚೆ ಒಂದಿಷ್ಟೂ ನಗದೆ ಅವನಿಗೆ ಹೇಳಿದಳು: “ನಮ್ಮನೀಗೆ ಬಂದ ನೆಂಟರು ಹೋಗೋ ಮಾತೇ ಎತ್ತವಲ್ರು. ಇದಕ್ಕೂ ಖಾಲಿ ಆಗ್ಲಿಲ್ಲ ಅಂದ್ರ ವಾಪಸ್ ತರ್ತೀನಿ ನೋಡಪ್ಪಾ.”