ಭಜನೆಗೆ ಬಂದ ಬೀಟ್ ಪೆಟ್ಟಿಗೆ

ಇಂಗ್ಲಿಷ್ ಓದಲು ಬರುವವರಿಗೆ ಯಾವ ಯಂತ್ರವೂ ಕಷ್ಟವಲ್ಲ ಎಂಬುದು ನನ್ನ ಬಹುಕಾಲದ ನಂಬಿಕೆ. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಹೇಳಿಕೊಟ್ಟದ್ದೇ ಅದು: "ರೀಡ್ ದಿ ಇನ್‌ಸ್ಟ್ರಕ್ಷನ್ಸ್, ಗರ್ಲ್ಸ್." ಆ ಒಂದು ಮಾತಿನ ಬಲದ ಮೇಲೆ ನಾನು ಮಿಕ್ಸಿಯಿಂದ ಹಿಡಿದು ಮೈಕ್ರೋವೇವ್‌ವರೆಗೆ ಮನೆಗೆ ಬಂದದ್ದನ್ನೆಲ್ಲ ಪಳಗಿಸಿದ್ದೇನೆ. ಯಜಮಾನರೊಬ್ಬರನ್ನು ಬಿಟ್ಟು. ಅವರು ಮ್ಯಾನ್ಯುಅಲ್ ಇಲ್ಲದೆ ಬಂದವರು.

ಹೀಗಾಗಿ ನಮ್ಮ ಭಜನಾ ಮಂಡಳಿಯ ಶಾಂತಕ್ಕ ತಮ್ಮ ಹಾರ್ಮೋನಿಯಂ ಸಮೇತ ಪುಣೆಯ ಮಗಳ ಮನೆಗೆ ಹೊರಟುಹೋದಾಗ, "ಈ ನವರಾತ್ರಿಗೆ ಶ್ರುತಿಗೇನು ಗತಿ?" ಎಂದು ಉಳಿದ ಹೆಂಗಸರೆಲ್ಲ ತಲೆಯ ಮೇಲೆ ಕೈ ಹೊತ್ತು ಕುಳಿತಾಗ, "ಡೋಂಟ್ ವರಿ, ನಾನಿದ್ದೇನೆ" ಎಂದವಳು ನಾನೇ. ಯಾರೂ ಕೇಳಿರಲಿಲ್ಲ!

ಈ ಉತ್ಸಾಹಕ್ಕೆ ಒಂದು ಗುಟ್ಟಿನ ಕಾರಣವಿತ್ತು. ಥಾಣೆಗೆ ಬಂದಾಗಿನಿಂದ ನಾನು ಈ ಮಂಡಳಿಯಲ್ಲಿ ಹಾಡುತ್ತಿದ್ದೇನೆ. ನಮ್ಮವರು ಒಂದು ಸಲವೂ ಕೇಳಿಲ್ಲ. ಕೆಲಸದಲ್ಲಿದ್ದಾಗ ನಮ್ಮ ಭಜನೆಯ ಹೊತ್ತಿಗೆ ಅವರು ಲೋಕಲ್ ಟ್ರೇನಿನಲ್ಲಿ ಒಂಟಿಕಾಲಲ್ಲಿ ನಿಂತಿರುತ್ತಿದ್ದರು. ರಿಟೈರ್ ಆಗಿ ಮನೆಯಲ್ಲಿ ಕುಳಿತರು, ಅಷ್ಟರಲ್ಲಿ ಕಿವಿ ರಿಟೈರ್ ಆಯಿತು. ಈ ಬೇಸಿಗೆಯಲ್ಲಿ ಮಗಳು ರಶ್ಮಿ ಹಠ ಹಿಡಿದು ಅವರಿಗೆ ಶ್ರವಣಯಂತ್ರ ಕೊಡಿಸಿದಳು. ಅವತ್ತೇ ನಾನು ಮನಸ್ಸಿನಲ್ಲಿ ಮುಡಿಪು ಕಟ್ಟಿದೆ: ಈ ನವರಾತ್ರಿಗೆ ಕೋಪರಿ ಬಡಾವಣೆಯ ನಮ್ಮ ಕನ್ನಡ ಸಂಘದ ಹಾಲಿನಲ್ಲಿ ನಾನು ಹಾಡಬೇಕು, ಅವರು ಕೇಳಬೇಕು. ಹಾಡೇ ನಡೆಯದಿದ್ದರೆ ಕೇಳುವುದೇನನ್ನು?

ಶ್ರವಣಯಂತ್ರದಿಂದ ಮನೆಗೆ ಶಾಂತಿ ಬಂದದ್ದು ನಿಜ. ಮೊದಲು ಅವರು ವಾರ್ತೆ ನೋಡಿದರೆ ಮನೆ ಎದುರಿನ ಘೋಡಬಂದರ್ ರಸ್ತೆಯ ಸಿಗ್ನಲ್ಲಿನವರಿಗೂ ದೇಶದ ಸ್ಥಿತಿಗತಿ ತಿಳಿಯುತ್ತಿತ್ತು. ಈಗ ಅವರು ಮನೆಯ ಟ್ಯಾಬ್ಲೆಟ್ಟಿನಲ್ಲಿ ನೋಡುತ್ತಾರೆ, ಸದ್ದು ನೇರವಾಗಿ ಕಿವಿಯೊಳಗಿನ ಯಂತ್ರಕ್ಕೆ ಹೋಗುತ್ತದೆ. ಮಗಳು ಅದೇನೋ ಸೆಟ್ ಮಾಡಿಕೊಟ್ಟು ಹೋಗಿದ್ದಳು. ಹೇಗೆಂದು ನಾನು ಕೇಳಲಿಲ್ಲ. ಮನೆ ತಣ್ಣಗಿತ್ತು, ಸಾಕು.

ಇನ್ನು ನನ್ನ ಪರಿಹಾರ. ರಶ್ಮಿ ಘಣಸೋಲಿಯಲ್ಲಿ ತನ್ನದೇ ಫ್ಲ್ಯಾಟು ಮಾಡಿಕೊಂಡು ಹೋಗುವಾಗ ಕಪಾಟಿನಲ್ಲಿ ಒಂದು ಸಂಗೀತದ ಪೆಟ್ಟಿಗೆಯನ್ನು ಬಿಟ್ಟು ಹೋಗಿದ್ದಳು. ಕಪ್ಪು ಬಣ್ಣ, ಮೇಲೆಲ್ಲ ಚೌಕ ಚೌಕ ರಬ್ಬರ್ ಗುಂಡಿಗಳು; ತಟ್ಟೆಯಲ್ಲಿ ಬರ್ಫಿ ಕತ್ತರಿಸಿಟ್ಟ ಹಾಗೆ. ಒಂದೊಂದು ಬರ್ಫಿ ಒತ್ತಿದರೆ ಒಂದೊಂದು ಸದ್ದು. ಕಂಪ್ಯೂಟರಿನ ಹಂಗಿಲ್ಲದೆ ತಾನೇ ತಾಳ ಹಾಕುತ್ತದೆ, ನೆನಪಿಟ್ಟುಕೊಂಡು ಮತ್ತೆ ಬಾರಿಸುತ್ತದೆ. ಸ್ಟ್ಯಾಂಡ್‌ಅಲೋನ್ ಅಂತೆ. ನನ್ನ ಹಾಗೆ!

ಆದರೆ ಅದರಲ್ಲಿ ತಂಬೂರಿ ಇಲ್ಲ, ಹಾರ್ಮೋನಿಯಂ ಇಲ್ಲ. ರಶ್ಮಿಗೆ ಫೋನ್ ಮಾಡಿದೆ. ನಮ್ಮ ಮಗಳು ಹುಟ್ಟಿದ್ದು ಇಲ್ಲೇ, ಅವಳ ಕನ್ನಡ ಒಂದು ಸ್ಟೇಷನ್ನಿಗಿಂತ ಹೆಚ್ಚು ದೂರ ಓಡುವುದಿಲ್ಲ.

"ಮಮ್ಮಾ, ಟೆನ್ಷನ್ ಮತ್ ಲೇ ನಾ. ತಂಬೂರಿ, ಹಾರ್ಮೋನಿಯಂ ಆ್ಯಪ್ ಟ್ಯಾಬ್ಲೆಟ್ ಮೇ ಡಾಲ್. ತಾಳ ಪೆಟ್ಟಿಗೇಲಿ. ಬ್ಲೂಟೂತ್‌ನಲ್ಲಿ ಎರಡನ್ನೂ ಪೇರ್ ಮಾಡು, ಒಂದೇ ಸ್ಪೀಡಲ್ಲಿ ಹೋಗ್ತವೆ. ಒಂದು ಲೀಡರ್ ಆಗ್ಬೇಕು, ಇನ್ನೊಂದು ಫಾಲೋವರ್. ಬಸ್."

ಬಸ್, ಅಷ್ಟೇ ಎಂದುಬಿಟ್ಟಳು. ಸಂಸಾರ ಮಾಡಿದ ಯಾರೂ ಈ ವಿಷಯದಲ್ಲಿ ಬಸ್ ಎನ್ನಲಾರರು.

ನಮ್ಮವರು ಕಿವಿಯ ಯಂತ್ರ ತೆಗೆದಿಟ್ಟು ಮಧ್ಯಾಹ್ನದ ನಿದ್ದೆಗೆ ಹೋದ ಮೇಲೆ ಮ್ಯಾನ್ಯುಅಲ್ ತೆಗೆದು ಕನ್ನಡಕ ಏರಿಸಿ ಕುಳಿತೆ. ಮೊದಲ ದಿನ ಎರಡನ್ನೂ ಲೀಡರ್ ಮಾಡಿಬಿಟ್ಟಿದ್ದೆ. ಹಾರ್ಮೋನಿಯಂ ತನ್ನ ಪಾಡಿಗೆ ನಡೆಯಿತು, ತಾಳ ಜಿಮ್ಮಿನ ವೇಗದಲ್ಲಿ ಓಡಿತು. ಎರಡೂ ಒಂದೇ ಸೂರಿನಡಿ ಇದ್ದವು ಎಂಬುದೊಂದೇ ಅವುಗಳ ಸಂಬಂಧ. ಮರುದಿನ ಹೆದರಿ ಎರಡನ್ನೂ ಫಾಲೋವರ್ ಮಾಡಿದೆ. ಲಿಫ್ಟಿನ ಬಾಗಿಲಲ್ಲಿ "ನೀವು ಮೊದಲು, ನೀವು ಮೊದಲು" ಎಂದು ನಿಂತ ಸಭ್ಯರಂತೆ ಎರಡೂ ಒಂದನ್ನೊಂದು ಕಾಯುತ್ತ ಮೌನ ತಾಳಿದವು. ನಾನೂ ಸುಮಾರು ಹೊತ್ತು ಭಕ್ತಿಯಿಂದ ಕಾದೆ. ಆಯುಧಪೂಜೆ ಇನ್ನೂ ದೂರವಿದ್ದರೂ ಮುಂಗಡವಾಗಿ ಪೆಟ್ಟಿಗೆಗೆ ಕುಂಕುಮವಿಟ್ಟೆ. ಕೊನೆಗೆ ಟ್ಯಾಬ್ಲೆಟ್ ಲೀಡರ್, ಪೆಟ್ಟಿಗೆ ಫಾಲೋವರ್ ಎಂದು ತೀರ್ಮಾನವಾದ ಮೇಲೆ ಪರದೆಯ ಮೂಲೆಯಲ್ಲಿ ಹಸಿರು ಅಕ್ಷರ ಮೂಡಿತು: ಕನೆಕ್ಟೆಡ್. ತಾಳವೂ ಹಾರ್ಮೋನಿಯಮ್ಮೂ ಕೈಕೈ ಹಿಡಿದು ನಡೆದವು. ಕಣ್ಣಲ್ಲಿ ನೀರು ಬಂತು. ರೀಡ್ ದಿ ಇನ್‌ಸ್ಟ್ರಕ್ಷನ್ಸ್, ಗರ್ಲ್ಸ್!

ಅಭ್ಯಾಸ ನಮ್ಮ ಮನೆಯಲ್ಲೇ ನಡೆಯಿತು. ಮಂಡಳಿಯ ಹೆಂಗಸರು ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಗುತ್ತಿದ್ದಂತೆ ನಮ್ಮವರು ಕಿವಿಯ ಯಂತ್ರಗಳನ್ನು ತೆಗೆದು, ಅವುಗಳ ಪುಟ್ಟ ಡಬ್ಬಿಯಲ್ಲಿಟ್ಟು, ಟಕ್ಕೆಂದು ಮುಚ್ಚಿ, ಪೇಪರ್ ಹಿಡಿದು ಒಳಕೋಣೆಗೆ ನಡೆಯುತ್ತಿದ್ದರು. ಎಲ್ಲರೂ ಒಟ್ಟಿಗೆ ಮಾತಾಡಿದರೆ ಯಂತ್ರಕ್ಕೆ ತಡೆಯುವುದಿಲ್ಲವಂತೆ.

"ಹಾಡೋದನ್ನಾದ್ರೂ ಕೇಳ್ಬಾರ್ದಾ?" ಎಂದು ಒಮ್ಮೆ ಸನ್ನೆಯಲ್ಲೇ ಕೇಳಿದೆ.

"ಕೋಪರೀಲಿ ಕೇಳ್ತೀನಿ ಬಿಡೇ. ಪೇಪರ್ ಔಟ್ ಆದ್ಮೇಲೆ ಎಕ್ಸಾಮ್ ಬರೆಯೋಕೆ ಮಜಾ ಇರಲ್ಲ" ಎಂದರು.

ಎಕ್ಸಾಮ್ ನನ್ನದೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ. ಅಂದಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಚಾರ್ಜು ಮುಗಿದರೆ? ತಾಳ ಓಡಿಹೋದರೆ? ಮಂಡಳಿಯ ಕುಸುಮಾ ಕೋಪರಿಯವಳೇ, ಊರು ಉಡುಪಿಯ ಕಡೆ, ಅವಳು ಬೇರೆ ದಿನಕ್ಕೊಂದು ಫೋನ್ ಮಾಡಿ, "ಸುಮಿತ್ರಕ್ಕಾ, ಆ ಪೆಟ್ಟಿಗೆ ಕೈ ಕೊಟ್ರೆ ಎಂತ ಮಾಡುದು?" ಎಂದು ಧೈರ್ಯ ತುಂಬುತ್ತಿದ್ದಳು.

ಆ ಸಂಜೆ ಬಂತು. ಹಾಲಿನಲ್ಲಿ ಟ್ಯಾಬ್ಲೆಟ್ಟಿನಿಂದ ಒಂದು ವೈರು, ಪೆಟ್ಟಿಗೆಯಿಂದ ಒಂದು ವೈರು ಅಲ್ಲಿಯ ಸ್ಪೀಕರಿಗೆ ಸೇರಿಸಿದರು. ಪರೀಕ್ಷೆ ಮಾಡಿದೆ, ಎರಡೂ ಚೆನ್ನಾಗಿ ನುಡಿದವು. ಧಾರವಾಡದ ಕಡೆಯ ನಮ್ಮ ಸಂಘದ ಕಾರ್ಯದರ್ಶಿ ಗಡಿಯಾರ ನೋಡಿಕೊಂಡು, "ಅಕ್ಕಾರ, ಲಗೂ ಮುಗಸ್ರಿ. ದಾಂಡಿಯಾದವ್ರು ಕೋಲು ಹಿಡ್ಕೊಂಡು ನಿಂತಾರ" ಎಂದರು. ನಮ್ಮವರು ಇನ್ನೂ ಕೆಳಗೆ ಯಾರೊಂದಿಗೋ ಚಹಾ ಕುಡಿಯುತ್ತಿದ್ದರು. ಅವರು ಬರಲಿ ಎಂದು ನಾನು ಸೆರಗು ಸರಿಮಾಡಿಕೊಳ್ಳುತ್ತ, ಮೈಕು ಕುಟ್ಟುತ್ತ ಕಾಲ ತಳ್ಳಿದೆ. ಅಂತೂ ಬಂದರು. ಇಸ್ತ್ರಿ ಜುಬ್ಬಾ, ಎರಡೂ ಕಿವಿಯಲ್ಲಿ ಯಂತ್ರ. ಮಧ್ಯದ ಸಾಲಿನಲ್ಲಿ ಕುಳಿತು ನನಗೆ ಕೈ ಬೀಸಿದರು. ನಾನು ಟ್ಯಾಬ್ಲೆಟ್ ನೋಡಿದೆ. ಕನೆಕ್ಟೆಡ್. ಥ್ಯಾಂಕ್ ಗಾಡ್.

ಗುಂಡಿ ಒತ್ತಿದೆ. ತಾಳ ಬಂತು. ಶ್ರುತಿ ಬರಲಿಲ್ಲ!

ಎಂಟು ಜನ ಹೆಂಗಸರು ಒಂದೇ ಕ್ಷಣದಲ್ಲಿ ಬಾಯಿ ತೆರೆದೆವು. ಶ್ರುತಿ ಇಲ್ಲದ್ದರಿಂದ ಒಬ್ಬೊಬ್ಬರು ತಮಗೆ ತೋಚಿದ ಕಡೆ ಹೊರಟರು. ಕುಸುಮಾ ಮೇಲಕ್ಕೆ, ನಾನು ಕೆಳಕ್ಕೆ, ಉಳಿದವರು ಮಧ್ಯದಲ್ಲಿ ಸಿಕ್ಕ ಜಾಗದಲ್ಲಿ. ಸಾಯಂಕಾಲ ಥಾಣೆ ಸ್ಟೇಷನ್ನಿನ ಸೇತುವೆಯ ಮೇಲೆ ಜನ ಇಳಿದು ಹತ್ತುವ ಹಾಗಿತ್ತು ನಮ್ಮ ಮಂಗಳಮಯ ಆರಂಭ.

ಸದ್ದು ಕಮ್ಮಿಯಾಗಿದೆ ಎಂದುಕೊಂಡು ವಾಲ್ಯೂಮ್ ಏರಿಸಿದೆ. ಹಾಲಿನಲ್ಲಿ ಏನೂ ಬದಲಾಗಲಿಲ್ಲ. ಆದರೆ ಮಧ್ಯದ ಸಾಲಿನಲ್ಲಿ ನಮ್ಮವರ ತಲೆ ತೂಗತೊಡಗಿತು. ಕಣ್ಣು ಮುಚ್ಚಿದ್ದಾರೆ, ತೊಡೆಯ ಮೇಲೆ ತಾಳ ಹಾಕುತ್ತಿದ್ದಾರೆ, ಮುಖದಲ್ಲಿ ಅಪೂರ್ವ ಆನಂದ. ಇಡೀ ಸಭೆ ಮುಖ ಕಿವುಚಿಕೊಂಡು ಕುಳಿತಿರುವಾಗ ನನ್ನ ಗಂಡ ಒಬ್ಬರೇ ತಲ್ಲೀನ! ಆ ಗಾಬರಿಯಲ್ಲೂ ನನ್ನೆದೆ ತುಂಬಿಬಂತು. ಪ್ರೀತಿ ಎಂದರೆ ಇದಲ್ಲವೇ ಎಂದುಕೊಂಡು ವಾಲ್ಯೂಮನ್ನು ಇನ್ನಷ್ಟು ಏರಿಸಿದೆ.

ಅವರು ಕುರ್ಚಿಯಿಂದ ಚಿಮ್ಮಿದರು. ಎರಡೂ ಕೈಯಿಂದ ಕಿವಿ ತೋರಿಸಿದರು. ಕಿವಿ ತೋರಿಸಿದರೆ ಅರ್ಥವೇನು? ಕೇಳಿಸುತ್ತಿಲ್ಲ ಎಂದಲ್ಲವೇ? ಇಷ್ಟು ವರ್ಷ ನಮ್ಮ ಮನೆಯಲ್ಲಿ ಅದರ ಅರ್ಥ ಅದೊಂದೇ. ಪಾಪ, ಕೇಳಲೆಂದೇ ಬಂದಿದ್ದಾರೆ ಎಂದು ಪೂರ್ತಿ ಕೊನೆಯವರೆಗೆ ಏರಿಸಿಬಿಟ್ಟೆ.

ನಮ್ಮವರು ಜುಬ್ಬಾ ಹಾರಿಸಿಕೊಂಡು ಬಾಗಿಲ ಕಡೆ ಓಡಿದರು. ಹೊಟ್ಟೆ ಕೆಟ್ಟಿರಬೇಕು ಎಂದು ಸಭೆ ದಾರಿ ಬಿಟ್ಟಿತು. ಅವರು ಮೆಟ್ಟಿಲಿಳಿದು ಮರೆಯಾದರೋ ಇಲ್ಲವೋ, ಹಾಲಿನ ಸ್ಪೀಕರಿನಿಂದ ಹಾರ್ಮೋನಿಯಂ ಸಿಡಿಯಿತು. ಮುಂದಿನ ಸಾಲಿನ ಮಗುವೊಂದು ಕಿಟಾರನೆ ಅತ್ತಿತು. ದಾಂಡಿಯಾದವರ ಕೋಲುಗಳು ನೆಲಕ್ಕೆ ಬಿದ್ದವು. ನಾನು ತಟ್ಟನೆ ಸದ್ದು ಇಳಿಸಿದೆ. ಸದ್ಯ, ಶ್ರುತಿ ಬಂತಲ್ಲ! ಎಂಟು ದನಿಗಳು ದಾರಿ ತಪ್ಪಿದ ಹಸುಗಳಂತೆ ಒಂದೊಂದಾಗಿ ಕೊಟ್ಟಿಗೆಗೆ ಮರಳಿದವು.

ಆದರೆ ಬಾಗಿಲು ಖಾಲಿ. ಹಾಡು ಸರಿಹೋಯಿತು, ಕೇಳಬೇಕಾದವರು ಹೊರಗೆ! ಹಾಡುತ್ತಲೇ ಬಾಗಿಲ ಕಡೆ ನೋಡುತ್ತಿದ್ದೆ. ಅವರು ಇಣುಕಿದರು. ಶ್ರುತಿ ಮಾಯ. ಅವರು ಹಿಂದೆ ಸರಿದರು. ಶ್ರುತಿ ಹಾಜರು. ಮತ್ತೆ ಒಳಗೆ ಒಂದು ಹೆಜ್ಜೆ, ಮತ್ತೆ ಮಾಯ. ಜನ ಈಗ ನಮ್ಮನ್ನು ಬಿಟ್ಟು ಬಾಗಿಲನ್ನೇ ನೋಡತೊಡಗಿದರು.

ಕುಸುಮಾ ಹಾಡು ನಿಲ್ಲಿಸಿ ಟ್ಯಾಬ್ಲೆಟ್ಟಿನ ಮೇಲೆ ಬಗ್ಗಿದಳು. ಮೈಕು ಅವಳ ಬಾಯ ಹತ್ತಿರವೇ ಇತ್ತು.

"ಎಂತ ಮಾರಾಯ್ರೆ ಇದು, ಸುಮಿತ್ರಕ್ಕಾ? ಕನೆಕ್ಟೆಡ್ ಟು ಪಪ್ಪಾಸ್ ಇಯರ್ಸ್ ಅಂತ ಉಂಟಲ್ಲ. ನಿಮ್ಮ ಹಾರ್ಮೋನಿಯಂ ಪೂರಾ ನಿಮ್ಮ ಯಜಮಾನ್ರ ಕಿವಿಗೆ ಹೋಗ್ತಾ ಉಂಟು."

ಸಭೆ ಬಿದ್ದು ಬಿದ್ದು ನಕ್ಕಿತು. ಮಗಳು ಇಟ್ಟ ಹೆಸರು! ಮನೆಯಲ್ಲಿ ಯಂತ್ರ ಡಬ್ಬಿಯೊಳಗೆ ನಿದ್ದೆ ಮಾಡುತ್ತಿದ್ದದ್ದರಿಂದ ಟ್ಯಾಬ್ಲೆಟ್ಟು ಸುಮ್ಮನಿತ್ತು. ಇಲ್ಲಿ ಆ ಕಿವಿಗಳು ಬಾಗಿಲು ದಾಟಿದ ಕೂಡಲೇ ಗುರುತು ಹಿಡಿದು ಅವುಗಳತ್ತ ಓಡಿಹೋಗಿತ್ತು. ಕನೆಕ್ಟೆಡ್ ಎಂಬ ಪದವನ್ನು ನಾನು ಓದಿದ್ದೆ. ಯಾರಿಗೆ ಎಂಬುದನ್ನು ಓದಿರಲಿಲ್ಲ. ಸಿಸ್ಟರುಗಳು ಸ್ವರ್ಗದಲ್ಲಿ ಮುಖ ಮುಚ್ಚಿಕೊಂಡಿರಬೇಕು.

ಬೆವರುತ್ತ ಆ ಹೆಸರನ್ನು ಒತ್ತಿದೆ. ಪರದೆ ಬಹಳ ಗಂಭೀರವಾಗಿ ಕೇಳಿತು: ಫರ್ಗೆಟ್ ದಿಸ್ ಡಿವೈಸ್? ಒತ್ತಿದ್ದರೆ ಮುಗಿಯುತ್ತಿತ್ತು. ಬಾಗಿಲಲ್ಲಿ ಅವರು ಒಳಗೆ ಬರಲೋ ಬೇಡವೋ ಎಂದು ಶಾಲೆಗೆ ತಡವಾಗಿ ಬಂದ ಹುಡುಗನಂತೆ ನಿಂತಿದ್ದರು. ಅವರ ಕಿವಿಯನ್ನು ಮರೆತುಬಿಡು ಎಂದು ಯಂತ್ರಕ್ಕೆ ಹೇಳಲು ನನ್ನ ಬೆರಳು ಏಳಲಿಲ್ಲ. ಟ್ಯಾಬ್ಲೆಟ್ಟನ್ನೂ ಪೆಟ್ಟಿಗೆಯನ್ನೂ ಎರಡನ್ನೂ ಆರಿಸಿಬಿಟ್ಟೆ. ಕೈಯಾಡಿಸಿ ಅವರನ್ನು ಒಳಗೆ ಕರೆದೆ. "ಕೊನೇದೊಂದು, ಚಪ್ಪಾಳೆ ತಾಳಕ್ಕೆ" ಎಂದು ಕಾರ್ಯದರ್ಶಿಗಳಿಗೆ ಹೇಳಿ, ಅವರು ಉತ್ತರಿಸುವ ಮೊದಲೇ ಹಾಡು ಎತ್ತಿಕೊಂಡೆ.

ಮೊದಲ ಸಾಲು ನಾನೊಬ್ಬಳೇ ಹಾಡಿದೆ. ಅವರು ಮಧ್ಯದ ಸಾಲಿನಲ್ಲಿ ಕುಳಿತು, ತಲೆ ಸ್ವಲ್ಪ ವಾಲಿಸಿ, ನನ್ನನ್ನೇ ನೋಡುತ್ತಿದ್ದರು. ಕೇಳಿಸುತ್ತಿದೆ ಎಂದು ಗೊತ್ತಾಯಿತು. ಅಂತೂ ಕೇಳಿದರು! ಆಮೇಲೆ ನನಗೆ ಶ್ರುತಿಯ ಚಿಂತೆಯೂ ಇರಲಿಲ್ಲ, ದಾಂಡಿಯಾದವರ ಕೋಲಿನ ಭಯವೂ ಇರಲಿಲ್ಲ.

ವಾಪಸು ಬರುವಾಗ ಆಟೋ ಘೋಡಬಂದರ್ ರಸ್ತೆಯ ಟ್ರಾಫಿಕ್ಕಿನಲ್ಲಿ ನಿಂತಾಗ ಮದುವಣಗಿತ್ತಿಯ ಸಂಕೋಚದಿಂದ ಕೇಳಿದೆ, "ಹೇಗಿತ್ತು ರೀ?"

ಅವರು ಯೋಚಿಸಿ ಹೇಳಿದರು, "ಮೊದಲ್ನೇ ಭಾಗ ಫಸ್ಟ್ ಕ್ಲಾಸ್. ಜೋರು ಮಾಡೋಕೆ ಮುಂಚೆ. ಬರೀ ಹಾರ್ಮೋನಿಯಂ, ತಂಬೂರಿ, ಎಷ್ಟು ಇಂಪಾಗಿತ್ತು ಗೊತ್ತಾ? ನೆಮ್ಮದಿಯಾಗಿ ಕೇಳ್ತಿದ್ದೆ. ಕೊನೇಲಿ ಅದನ್ನ ಯಾಕೆ ಆಫ್ ಮಾಡಿ ಹಾಡೋಕೆ ಶುರು ಮಾಡಿದ್ರಿ?"

ನಾನು ಪರ್ಸಿನಿಂದ ಮೊಬೈಲ್ ತೆಗೆದು ಘಣಸೋಲಿಗೆ ಫೋನ್ ಹಚ್ಚಿದೆ.

"ರಶ್ಮಿ, ಆ ಫರ್ಗೆಟ್ ದಿಸ್ ಡಿವೈಸ್ ಅನ್ನೋ ಬಟನ್ ಮತ್ತೆ ಎಲ್ಲಿ ಸಿಗುತ್ತಮ್ಮಾ?"